ಸರ್ ಸಿ. ವಿ. ರಾಮನ್: ತಮ್ಮ ಕಣ್ಣನ್ನೇ ಪ್ರಯೋಗಶಾಲೆ ಮಾಡಿಕೊಂಡವರು



ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1987ರಿಂದ ನಮ್ಮ ದೇಶದಲ್ಲಿ ಪ್ರತಿ ವರ್ಷ ಇದನ್ನು ಆಚರಿಸುತ್ತಾರೆ. ಆ ದಿನದ ಗೋಡೆ ಪತ್ರಿಕೆ ಅಂದರೆ ನಮಗೆಲ್ಲ ಗೊತ್ತಿದ್ದದ್ದೇ. ನಡುವಿನಲ್ಲಿ ಪೇಟ ಕಟ್ಟಿದ ರಾಮನ್ ಅವರ ಚಿತ್ರ, ಅದರ ಕೆಳಗೆ ಹುಟ್ಟಿದ ವರ್ಷ, ನೊಬೆಲ್ ಬಂದ ವರ್ಷ, ತೀರಿಕೊಂಡ ವರ್ಷ. ಈ ಸಲ ವಿಜ್ಞಾನ ಮಾಸ್ಟ್ರು ಈ ಕೆಲಸ ನನಗೆ ಕೊಟ್ಟರು. ಅದೇ ಅದೇ ಸಂಗತಿ ಪುನಃ ಬರೆಯುವುದರ ಬದಲು ರಾಮನ್ ಅವರ ಜೀವನವನ್ನು ಒಂದೇ ಒಂದು ವಸ್ತು ಹಿಡಿದುಕೊಂಡು ಹೇಳುತ್ತೇನೆ. ಆ ವಸ್ತು ಅವರ ಕಣ್ಣು. ಬಾಲ್ಯದಿಂದ 82ನೇ ವಯಸ್ಸಿನವರೆಗೆ ಅವರು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡ ಉಪಕರಣ ಅದೇ. ಕಡೆಗಾಲದಲ್ಲಿ ಅವರು ಅದೇ ಕಣ್ಣನ್ನು ಪರೀಕ್ಷೆಗೆ ಇಟ್ಟರು. ಆ ಕಥೆ ನಮ್ಮ ಪಾಠ ಪುಸ್ತಕದಲ್ಲಿ ಇಲ್ಲ.

ಹುಟ್ಟು ಮತ್ತು ಓದು

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿನಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ಎಂಟು ಮಕ್ಕಳಲ್ಲಿ ಇವರು ಎರಡನೆಯವರು. ತಂದೆ ಗಣಿತ ಮತ್ತು ಭೌತವಿಜ್ಞಾನ ಕಲಿಸುವ ಅಧ್ಯಾಪಕರು, ಪಿಟೀಲು ಕೂಡ ನುಡಿಸುತ್ತಿದ್ದರು. ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ರಾಮನ್ ಬೆಳೆದದ್ದು ಆ ಊರಿನಲ್ಲಿ. ಅಂದರೆ ಅವರೂ ನಮ್ಮ ಹಾಗೆ ಸಮುದ್ರದ ಬದಿಯ ಹುಡುಗ.

ಓದಿನಲ್ಲಿ ಬಹಳ ಚುರುಕು. 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದರು. ನಾವು ಆ ವಯಸ್ಸಿಗೆ ಆರನೇ ಕ್ಲಾಸು! ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪಾಸು. ವಿದ್ಯಾರ್ಥಿ ಆಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಸಣ್ಣ ಆಯತಾಕಾರದ ಸಂದಿನಲ್ಲಿ ಬೆಳಕು ಓರೆಯಾಗಿ ಹಾದರೆ ಮೂಡುವ ಪಟ್ಟಿಗಳು ಎರಡು ಬದಿಯಲ್ಲಿ ಒಂದೇ ತರಹ ಇರುವುದಿಲ್ಲ ಎಂಬುದು ಅದರ ವಿಷಯ. ಕಣ್ಣಿಟ್ಟು ನೋಡಿದ್ದನ್ನು ಬಿಡದೆ ಎಂತಕ್ಕೆ ಹೀಗೆ ಅಂತ ಕೇಳುವ ಅಭ್ಯಾಸ ಅಲ್ಲಿಂದಲೇ ಶುರು.

ಆಫೀಸಿನ ಕೆಲಸ, ವಿಜ್ಞಾನದ ಹುಚ್ಚು

ಆಗಿನ ಕಾಲದಲ್ಲಿ ವಿಜ್ಞಾನ ಓದಿದವರಿಗೆ ನಮ್ಮ ದೇಶದಲ್ಲಿ ಉದ್ಯೋಗ ಕಡಿಮೆ. ಇಂಗ್ಲೆಂಡಿಗೆ ಹೋಗುವುದಕ್ಕೆ ಅವರ ಆರೋಗ್ಯ ಸಾಲದು ಅಂತ ಡಾಕ್ಟರರು ತಡೆದರು. ಹಾಗಾಗಿ ಹಣಕಾಸು ಇಲಾಖೆಯ ಪರೀಕ್ಷೆ ಬರೆದರು. 1907ರಲ್ಲಿ ಲೋಕಸುಂದರಿ ಅವರನ್ನು ಮದುವೆಯಾಗಿ, ಅದೇ ವರ್ಷ ಕಲ್ಕತ್ತೆಗೆ ಸರಕಾರಿ ಅಧಿಕಾರಿಯಾಗಿ ಹೋದರು.

ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿರುವಾಗ ಬೌಬಜಾರ್ ಬೀದಿಯಲ್ಲಿ ಒಂದು ಬೋರ್ಡು ಕಂಡಿತು. ಅದು 1876ರಲ್ಲಿ ಮಹೇಂದ್ರಲಾಲ್ ಸರ್ಕಾರ್ ಎಂಬ ಡಾಕ್ಟರರು ಸ್ಥಾಪಿಸಿದ ವಿಜ್ಞಾನ ಸಂಘ. ಉಪಕರಣಗಳಿದ್ದವು, ಬಳಸುವವರು ಇರಲಿಲ್ಲ. ರಾಮನ್ ಬೆಳಿಗ್ಗೆ ಆಫೀಸಿಗೆ ಮುಂಚೆ ಅಲ್ಲಿ, ಸಂಜೆ ಆಫೀಸು ಬಿಟ್ಟ ಮೇಲೆ ಪುನಃ ಅಲ್ಲಿ. ಕಲ್ಕತ್ತೆಯಲ್ಲಿ ಇದ್ದಷ್ಟು ಕಾಲ ಹೀಗೇ ನಡೆಯಿತು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆ ಬಂದಾಗ, ಸಂಬಳ ಕಡಿಮೆ ಆದರೂ ದೊಡ್ಡ ಸರಕಾರಿ ಕೆಲಸ ಬಿಟ್ಟು ಆ ಕಡೆ ಹೊರಟರು.

ನಮ್ಮ ಕಡೆಯವರಿಗೆ ಖುಷಿ ಆಗುವ ಒಂದು ಸಂಗತಿ. ಆ ದಿನಗಳಲ್ಲಿ ಅವರು ಮೃದಂಗ, ತಬಲಗಳ ನಾದದ ಬಗ್ಗೆ ಕೆಲಸ ಮಾಡಿದರು. ಬರೀ ಚರ್ಮ ಬಿಗಿದ ವಾದ್ಯದಲ್ಲಿ ಗದ್ದಲದ ಶಬ್ದ ಬರುತ್ತದೆ. ನಡುವಿಗೆ ಕಪ್ಪು ಮೆತ್ತಿದರೆ ಇಂಪಾದ ಸ್ವರ ಬರುತ್ತದೆ. ಅದು ಹೇಗೆ ಅಂತ 1920ರಲ್ಲಿ ಪ್ರಕಟಿಸಿದರು. ಯಕ್ಷಗಾನದ ಮದ್ದಳೆಗೂ ನಡುವಿನಲ್ಲಿ ಆ ಕಪ್ಪು ಉಂಟಲ್ಲ! ಮುಂದಿನ ಸಲ ಆಟಕ್ಕೆ ಹೋದಾಗ ಹತ್ತಿರದಿಂದ ಕಾಣಿ.

ಸಮುದ್ರ ಎಂತಕ್ಕೆ ನೀಲಿ?

1921ರಲ್ಲಿ ರಾಮನ್ ಮೊದಲ ಸಲ ವಿದೇಶಕ್ಕೆ ಹೋದರು. ಆಕ್ಸ್‌ಫರ್ಡಿನಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನ ಇತ್ತು. ತಿರುಗಿ ಬರುವಾಗ ನಾರ್ಕುಂಡಾ ಎಂಬ ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಕಂಡು ಬೆರಗಾದರು.

ಆಗ ದೊಡ್ಡ ವಿಜ್ಞಾನಿ ಲಾರ್ಡ್ ರೇಲೀ ಹೇಳಿದ್ದೇ ಎಲ್ಲರಿಗೂ ಸರಿ. ಸಮುದ್ರದ ನೀಲಿ ಅಂದರೆ ಆಕಾಶದ ನೀಲಿಯ ಪ್ರತಿಬಿಂಬ, ಅಷ್ಟೆ ಅಂತ. ರಾಮನ್ ಹತ್ತಿರ ಒಂದು ನಿಕೋಲ್ ಪಟ್ಟಕ ಇತ್ತು. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಹೊಳಪನ್ನು ಅದರಿಂದ ತಡೆಯಬಹುದು. ಹಡಗಿನ ಮೇಲೆ ನಿಂತು ಅದರ ಮೂಲಕ ನೋಡಿದರು. ಆಕಾಶದ ಪ್ರತಿಬಿಂಬ ಹೋಯಿತು. ಆದರೆ ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು! ಅಂದರೆ ನೀಲಿ ನೀರಿನ ಒಳಗಿನಿಂದಲೇ ಬರುತ್ತಿದೆ. ಹಡಗು ಬೊಂಬಾಯಿ ಬಂದರಿಗೆ ಬರುವಷ್ಟರಲ್ಲಿ ಅವರು ನೇಚರ್ ಪತ್ರಿಕೆಗೆ ಕಾಗದ ಬರೆದಾಗಿತ್ತು. ನೀರು ಬಿಳಿ ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುತ್ತದೆ, ನೀರಿನ ಅಣುಗಳು ನೀಲಿಯನ್ನು ಚದುರಿಸಿ ಮೇಲಕ್ಕೆ ಕಳಿಸುತ್ತವೆ, ಈ ಎರಡೂ ಸೇರಿ ನೀಲಿ ಆಗುತ್ತದೆ ಅಂತ ಈಗ ತಿಳಿದಿದೆ.

ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಮೇಲಿನ ಆಕಾಶ ಎರಡಕ್ಕೂ ಒಂದೇ. ಆದರೂ ನೀರಿನ ಬಣ್ಣ ಬೇರೆ ಬೇರೆ. ದಡದ ಹತ್ತಿರ ಮರಳು ಕಲಸಿದ ಬಣ್ಣ, ದೋಣಿಗಳು ಹೋಗುವ ದೂರದಲ್ಲಿ ನೀಲಿ. ನಾವು ಬೈಂದೂರಿಗೆ ಹೋಗುವಾಗ ಎಷ್ಟು ಸಲ ಬಸ್ಸಿನಿಂದ ಅದನ್ನು ನೋಡಿದ್ದೇವೆ! ಕೇಳಬೇಕಾದ ಪ್ರಶ್ನೆ ಮಾತ್ರ ನಮಗೆ ಹೊಳೆಯಲಿಲ್ಲ.

1928ರ ಫೆಬ್ರವರಿ 28

ಮುಂದಿನ ಏಳು ವರ್ಷ ರಾಮನ್ ಮತ್ತು ಅವರ ಶಿಷ್ಯರು ನೀರು ಮತ್ತು ಬೇರೆ ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಎಂದು ನೋಡುತ್ತಲೇ ಇದ್ದರು. ಆಗ ದೊಡ್ಡ ದೊಡ್ಡ ಯಂತ್ರ ಇರಲಿಲ್ಲ. ಕತ್ತಲೆ ಕೋಣೆಗೆ ಸೂರ್ಯನ ಬೆಳಕಿನ ಒಂದು ಕಿರಣವನ್ನು ಒಳಗೆ ಬಿಡುವುದು. ಅದಕ್ಕೆ ಅಡ್ಡವಾಗಿ ನೇರಳೆ ಗಾಜು ಇಟ್ಟು, ದ್ರವದ ಮೇಲೆ ನೇರಳೆ ಬೆಳಕು ಮಾತ್ರ ಬೀಳುವ ಹಾಗೆ ಮಾಡುವುದು. ನೋಡುವವರ ಕಣ್ಣಿನ ಎದುರು ಹಸಿರು ಗಾಜು. ಈ ಎರಡು ಗಾಜುಗಳನ್ನು ಒಂದರ ಮೇಲೆ ಒಂದು ಇಟ್ಟರೆ ಬೆಳಕು ಸ್ವಲ್ಪವೂ ದಾಟುವುದಿಲ್ಲ. ಹಾಗಾದರೆ ದ್ರವವೂ ಕಪ್ಪಾಗಿಯೇ ಕಾಣಬೇಕಲ್ಲ? ಕಾಣಲಿಲ್ಲ. ತೀರಾ ಮಂಕಾದ ಒಂದು ಬೆಳಕಿನ ಗೆರೆ ಇತ್ತು. ದ್ರವದ ಅಣುಗಳು ಬೆಳಕಿನ ಬಣ್ಣವನ್ನೇ ಕೊಂಚ ಬದಲಿಸಿದ್ದವು.

ಅಷ್ಟು ಮಂಕು ಬೆಳಕನ್ನು ಹಿಡಿದದ್ದು ಮನುಷ್ಯರ ಕಣ್ಣು. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಹಾಗೆ ಕತ್ತಲೆಯಲ್ಲಿ ಕಾದು ಕಾದು ನೋಡಿದವರಲ್ಲಿ ರಾಮನ್ ಜೊತೆ ಕೆ. ಎಸ್. ಕೃಷ್ಣನ್ ಮುಖ್ಯರು. ಫೆಬ್ರವರಿ 28ರಂದು ಸಣ್ಣ ರೋಹಿತದರ್ಶಕದಿಂದ ನೋಡಿದಾಗ ಬದಲಾದ ಬಣ್ಣ ಮೂಲ ಬಣ್ಣದಿಂದ ಬೇರೆಯಾಗಿ ಸ್ಪಷ್ಟ ಕಂಡಿತು. ಇದೇ ರಾಮನ್ ಪರಿಣಾಮ. ಮಾರ್ಚ್ 16ರಂದು ಬೆಂಗಳೂರಿನಲ್ಲಿ ನಡೆದ ಸಭೆಯಲ್ಲಿ ಇದರ ಬಗ್ಗೆ ಅವರು ದೀರ್ಘ ಉಪನ್ಯಾಸ ಕೊಟ್ಟರು. 1930ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿದರು. ವಿಜ್ಞಾನದಲ್ಲಿ ಆ ಬಹುಮಾನ ಪಡೆದ ಏಷ್ಯಾದ ಮೊದಲಿಗರು ಅವರು.

ಕರ್ನಾಟಕಕ್ಕೆ ಬಂದರು

1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಸ್ಥಾನದಲ್ಲಿ ಕೂತ ಮೊದಲ ಭಾರತೀಯರು. ಅವರ ಸ್ವಭಾವ ಖಡಕ್ಕು. ಭಿನ್ನಾಭಿಪ್ರಾಯ ಬೆಳೆದು 1937ರಲ್ಲಿ ನಿರ್ದೇಶಕ ಹುದ್ದೆ ಬಿಟ್ಟರು. ಆದರೂ ಅಲ್ಲೇ ಪ್ರಾಧ್ಯಾಪಕರಾಗಿ 1948ರವರೆಗೆ ದುಡಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ನಿವೃತ್ತಿ ಆದ ಮೇಲೆ ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಎದ್ದಿತು. ಬೆಂಗಳೂರೇ ಅವರ ಊರಾಯಿತು. 1954ರಲ್ಲಿ ಭಾರತ ರತ್ನ ಬಂತು.

ಸಂಸ್ಥೆಯಲ್ಲಿ ಹರಳು, ಚಿಪ್ಪು, ಚಿಟ್ಟೆ, ಹಕ್ಕಿ ಎಲ್ಲ ಸಂಗ್ರಹಿಸಿದ್ದರು. ಎಲ್ಲ ಬಣ್ಣದ ಸಲುವಾಗಿ. ಸುತ್ತ ತೋಟ, ತೋಟದ ತುಂಬ ಗುಲಾಬಿ.

ಗುಲಾಬಿಯಿಂದ ಕಣ್ಣಿಗೆ

ಸಾಮಾನ್ಯವಾಗಿ ರಾಮನ್ ಜೀವನ ಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ನನಗೆ ಎಲ್ಲಕ್ಕಿಂತ ರುಚಿಸಿದ್ದು ಇಲ್ಲಿಂದ ಮುಂದಿನದು.

ವಯಸ್ಸು 70 ದಾಟಿದ ಮೇಲೆ ಅವರು ಹೂವುಗಳ ಬಣ್ಣವನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸತೊಡಗಿದರು. ಹೂವಿನಿಂದ ಬರುವ ಬೆಳಕಿನಲ್ಲಿ ಹಲವು ಬಣ್ಣ ಬೆರೆತಿರುತ್ತವೆ, ಕಣ್ಣಿಗೆ ಕಾಣುವುದು ಮಾತ್ರ ಒಂದು ಬಣ್ಣ. ಹಾಗಾದರೆ ಬಣ್ಣ ಇರುವುದು ಹೂವಿನಲ್ಲೋ ಕಣ್ಣಿನಲ್ಲೋ? ಅಲ್ಲಿಂದ ಅವರು ಕಣ್ಣಿಗೇ ಬಂದರು. 1960ರ ದಶಕದಲ್ಲಿ ಈ ಬಗ್ಗೆ ಹತ್ತಾರು ಲೇಖನ ಬರೆದರು. 1968ರಲ್ಲಿ, 80ನೇ ವಯಸ್ಸಿನ ಹೊತ್ತಿಗೆ, ದೃಷ್ಟಿಯ ಶರೀರಶಾಸ್ತ್ರ ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಪುಸ್ತಕ ಹೊರತಂದರು.

ಅವರ ಮುಖ್ಯ ಪ್ರಯೋಗ ಇಷ್ಟು ಸರಳ. ಚೆನ್ನಾಗಿ ಬೆಳಕು ಬಿದ್ದ ಬಿಳಿ ಪರದೆ. ಕಣ್ಣಿನ ಮುಂದೆ ಒಂದು ಬಣ್ಣದ ಗಾಜು. ಪರದೆಯ ಒಂದೇ ಚುಕ್ಕಿಯ ಮೇಲೆ ದೃಷ್ಟಿ ನೆಟ್ಟು ಸ್ವಲ್ಪ ಹೊತ್ತು ನೋಡುವುದು. ಆಮೇಲೆ ದೃಷ್ಟಿ ಕದಲಿಸದೆ ಗಾಜನ್ನು ಫಕ್ಕನೆ ತೆಗೆಯುವುದು. ಆ ಕ್ಷಣ ಬಿಳಿ ಪರದೆಯ ಮೇಲೆ ಬಣ್ಣದ ಒಂದು ಚಿತ್ರ ಮೂಡುತ್ತದೆ. ನಡುವಿನಲ್ಲಿ ಒಂದು ಬೇರೆಯೇ ತರಹದ ಮಚ್ಚೆ, ಸುತ್ತ ಬೇರೆ ಬಣ್ಣ. ಸ್ವಲ್ಪ ಹೊತ್ತಿಗೆ ಮಾಯ. ಪುನಃ ಕಾಣಬೇಕಾದರೆ ಪುನಃ ಗಾಜು ಇಟ್ಟು ತೆಗೆಯಬೇಕು. ಪರದೆಯಲ್ಲಿ ಎಂತದೂ ಇಲ್ಲವಲ್ಲ, ಹಾಗಾದರೆ ಕಂಡದ್ದು ಎಂತ? ಅದು ನೋಡುವವನದೇ ಅಕ್ಷಿಪಟ, ಅಂದರೆ ಕಣ್ಣಿನ ಹಿಂಬದಿಯ ರೆಟಿನಾ, ದೊಡ್ಡದಾಗಿ ಪರದೆಯ ಮೇಲೆ ಕಂಡಂತೆ ಅಂತ ರಾಮನ್ ಹೇಳಿದರು. ಬೇರೆ ಬೇರೆ ಬಣ್ಣದ ಗಾಜು ಹಿಡಿದು ಸಾವಧಾನದಿಂದ ಒಂದೊಂದನ್ನೇ ಬರೆದಿಟ್ಟರು. ನೊಬೆಲ್ ಬಂದ, ಲೋಕವೆಲ್ಲ ಗೌರವಿಸುವ ಮುದುಕರು ಮಕ್ಕಳ ಹಾಗೆ ಬಣ್ಣದ ಗಾಜು ಕಣ್ಣಿಗೆ ಹಿಡಿದು ಕೂತದ್ದನ್ನು ನೆನೆಸಿಕೊಂಡರೆ ನನಗೆ ಅವರ ಮೇಲೆ ಪ್ರೀತಿ ಹೆಚ್ಚಾಗುತ್ತದೆ.

ನಾನು ಜಿಲೇಟಿನ್ ಕಾಗದದಿಂದ ಮಾಡಿ ನೋಡಿದೆ. ಬಿಸಿಲು ಬಿದ್ದ ಬಿಳಿ ಗೋಡೆ ಸಾಕು. ಕೆಂಪು ಕಾಗದ ತೆಗೆದ ಕೂಡಲೇ ಗೋಡೆ ಹಸಿರು ಛಾಯೆಗೆ ತಿರುಗುತ್ತದೆ, ನಿಧಾನಕ್ಕೆ ಬಿಳಿಯಾಗುತ್ತದೆ. ಮಾಡುವವರು ಸೂರ್ಯನ ಕಡೆ ಮಾತ್ರ ನೋಡಬೇಡಿ. ಬಣ್ಣದ ಕಾಗದ ಹಿಡಿದರೂ ಕಣ್ಣು ಹಾಳಾಗುತ್ತದೆ.

ದೊಡ್ಡವರು ತಪ್ಪಬಹುದಾ?

ಈಗ ಸ್ವಲ್ಪ ಕಷ್ಟದ ಭಾಗ. ಬಣ್ಣದ ದೃಷ್ಟಿಗೆ ಹಳೆಯ ಒಂದು ವಿವರಣೆ ಉಂಟು. ಇಂಗ್ಲೆಂಡಿನ ಥಾಮಸ್ ಯಂಗ್ ಹೇಳಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬೆಳೆಸಿದ್ದು. ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಅಂಶಗಳು ಮೂರೇ ಬಗೆ, ಆ ಮೂರರ ಹೆಚ್ಚುಕಡಿಮೆಯಿಂದ ಎಲ್ಲ ಬಣ್ಣ ಹುಟ್ಟುತ್ತವೆ ಅಂತ. ರಾಮನ್ ಇದನ್ನು ಒಪ್ಪಲೇ ಇಲ್ಲ. ರೋಹಿತದ ಒಂದೊಂದು ಬಣ್ಣವನ್ನೂ ಕಣ್ಣು ನೇರವಾಗಿಯೇ ಗ್ರಹಿಸುತ್ತದೆ ಎಂದು ಅವರ ವಾದ.

ಆದರೆ 1964ರಲ್ಲಿ ಅಮೆರಿಕದ ಎರಡು ಪ್ರಯೋಗಶಾಲೆಗಳಲ್ಲಿ ರೆಟಿನಾದ ಒಂದೊಂದೇ ಶಂಕುಕೋಶ ಯಾವ ಬೆಳಕನ್ನು ಹೀರುತ್ತದೆ ಎಂದು ಅಳೆದರು. ಶಂಕುಕೋಶಗಳು ಮೂರು ಬಗೆಯವೇ ಆಗಿದ್ದವು. 1986ರಲ್ಲಿ ಅವುಗಳಿಗೆ ಕಾರಣವಾದ ಜೀನುಗಳೂ ಸಿಕ್ಕಿದವು. ರಾಮನ್ ವಾದ ನಿಲ್ಲಲಿಲ್ಲ. ಅವರು ಕಂಡ ಚಿತ್ರ ಸುಳ್ಳಲ್ಲ. ಬಣ್ಣದ ಬೆಳಕಿಗೆ ಕೆಲವು ಕೋಶಗಳು ದಣಿದಿರುತ್ತವೆ, ರೆಟಿನಾದ ನಡುವಿನಲ್ಲಿ ಹಳದಿ ಬಣ್ಣದ ಒಂದು ಪೊರೆಯಂಥದ್ದೂ ಉಂಟು, ಹಾಗಾಗಿ ಹಾಗೆ ಕಾಣುತ್ತದೆ. ಕಂಡದ್ದು ಸರಿ, ಅದಕ್ಕೆ ಕೊಟ್ಟ ಅರ್ಥ ಸರಿ ಬರಲಿಲ್ಲ.

ವಿಜ್ಞಾನ ದಿನದಂದೇ ರಾಮನ್ ಅವರ ತಪ್ಪು ಬರೆಯುವುದು ಎಂತಕ್ಕೆ ಮಾರಾಯ, ದೊಡ್ಡವರಿಗೆ ಅವಮಾನ ಆಗುವುದಿಲ್ಲವಾ ಅಂತ ನನ್ನ ಗೆಳೆಯ ಕೇಳಿದ. ನಾನು ಎರಡು ದಿನ ಯೋಚಿಸಿದೆ. 1921ರಲ್ಲಿ ಹಡಗಿನ ಮೇಲೆ ರಾಮನ್ ಮಾಡಿದ್ದೂ ಇದನ್ನೇ ಅಲ್ಲವಾ? ರೇಲೀ ಕೂಡ ನೊಬೆಲ್ ಪಡೆದವರು. ಅವರ ಮಾತನ್ನು ರಾಮನ್ ಒಂದು ಪಟ್ಟಕ ಹಿಡಿದು ಪರೀಕ್ಷಿಸಿದರು. ಆದ್ದರಿಂದ ರೇಲೀ ಸಣ್ಣವರಾಗಲಿಲ್ಲ. ಅವರ ಮಾತನ್ನೂ ನಾವು ಪರೀಕ್ಷಿಸಿದರೆ ರಾಮನ್ ಸಣ್ಣವರಾಗುವುದಿಲ್ಲ. ಮಾಸ್ಟ್ರು ಓದಿ ಬರಿ ಅಂದರು. ಬರೆದೆ.

ಕಣ್ಣಿನ ಹಿಂದೆ ಇನ್ನೊಂದು ಕೋಣೆ

ರಾಮನ್ ಹೆಚ್ಚಾಗಿ ಹುಡುಕಿದ್ದು ರೆಟಿನಾದಲ್ಲಿ. ಆದರೆ ನೋಡುವ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ರೆಟಿನಾದಿಂದ ಸಂದೇಶ ನರದ ಮೂಲಕ ತಲೆಯ ಹಿಂಭಾಗದ ಮಿದುಳಿಗೆ ಹೋಗಬೇಕು. ಅಲ್ಲಿ ಅದನ್ನು ಜೋಡಿಸಿ ಅರ್ಥ ಮಾಡಿದ ಮೇಲೆ ನಮಗೆ ಕಾಣುವುದು. ಇದಕ್ಕೆ ಸಮಯ ಬೇಕು. ಬಹಳ ಅಲ್ಲ, ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಆ ಸಣ್ಣ ಹೊತ್ತಿನಲ್ಲಿ ಭಾರೀ ವಿಚಿತ್ರ ನಡೆಯುತ್ತದೆ. ರಾಮನ್ ಗಾಜು ತೆಗೆದ ಕೂಡಲೇ ಬಂದು ಹೋಗುವ ಚಿತ್ರವನ್ನು ಹಿಡಿಯಲು ನೋಡಿದರು. ಬೇರೆ ದೇಶದ ವಿಜ್ಞಾನಿಗಳು ಕ್ಷಣಮಾತ್ರ ತೋರಿಸಿದ ಚಿತ್ರ ಮಿದುಳಿನಲ್ಲಿ ಎಂತ ಆಗುತ್ತದೆ ಎಂದು ನೋಡಿದರು.

ಮಳೆಗಾಲದ ರಾತ್ರಿ ನೆನೆಸಿಕೊಳ್ಳಿ. ಕರೆಂಟು ಹೋಗಿದೆ. ಫಳ್ ಅಂತ ಒಂದು ಮಿಂಚು. ಅದು ಅರ್ಧ ಸೆಕೆಂಡೂ ಇರುವುದಿಲ್ಲ. ಆದರೂ ಅಂಗಳ, ತುಳಸಿಕಟ್ಟೆ, ತೆಂಗಿನ ಮರ, ಬಾವಿಕಟ್ಟೆ ಎಲ್ಲ ಅಚ್ಚು ಒತ್ತಿದ ಹಾಗೆ ಕಾಣುತ್ತದೆ. ಅಷ್ಟು ಕಡಿಮೆ ಹೊತ್ತು ಸಾಕಾದದ್ದು ಹೇಗೆ? ಮಿಂಚಿನ ನಂತರ ಬರುವುದು ಬರೀ ಕತ್ತಲೆ. ಮಿದುಳು ತನ್ನ ಕೆಲಸವನ್ನು ಆರಾಮದಲ್ಲಿ ಮುಗಿಸುತ್ತದೆ.

ಹಾಗಾದರೆ ಕತ್ತಲೆಯ ಬದಲು ಕೂಡಲೇ ಇನ್ನೊಂದು ಚಿತ್ರ ಬಂದರೆ? ಆಗ ಮೊದಲಿನದು ಅಳಿಸಿಹೋಗುತ್ತದೆ! ಪರದೆಯ ಮೇಲೆ ಒಂದು ಅಕ್ಷರವನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತೋರಿಸಿದರೆ ಸುಲಭದಲ್ಲಿ ಓದಬಹುದು. ಅದೇ ಜಾಗದಲ್ಲಿ ಅದರ ಬೆನ್ನಿಗೇ ಅಡ್ಡಾದಿಡ್ಡಿ ಗೆರೆಗಳನ್ನು ತೋರಿಸಿದರೆ ಅಕ್ಷರ ಇತ್ತು ಅಂತಲೇ ಗೊತ್ತಾಗದೆ ಹೋಗಬಹುದು. ಇದಕ್ಕೆ ಇಂಗ್ಲಿಷಿನಲ್ಲಿ ವಿಶುವಲ್ ಮಾಸ್ಕಿಂಗ್ ಅನ್ನುತ್ತಾರೆ. ನಾನು ದೃಷ್ಟಿಮರೆ ಎಂದು ಬರೆಯುತ್ತೇನೆ. ಇದರಲ್ಲಿ ಇನ್ನೊಂದು ಬಗೆ ಉಂಟು. ಒಂದು ಕಪ್ಪು ಬಿಲ್ಲೆ ತೋರಿಸಿ, ಆಮೇಲೆ ಅದನ್ನು ಮುಟ್ಟದೆ ಅದರ ಸುತ್ತ ಬಳೆಯ ಹಾಗೆ ಒಂದು ವೃತ್ತ ತೋರಿಸಿದರೆ, ಬಿಲ್ಲೆ ಮಾಯವಾಗಿ ಬಳೆ ಮಾತ್ರ ಉಳಿಯುತ್ತದೆ. ಎರಡರ ನಡುವೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಅಂತರ ಇದ್ದರೆ ಹೆಚ್ಚು ಮಾಯ. ಹಿಂದಿನಿಂದ ಬಂದವನು ಮುಂದಿನವನನ್ನು ಅಳಿಸಿದ ಹಾಗೆ ಆಯಿತು. 1910ರಲ್ಲಿ ರಾಬರ್ಟ್ ಸ್ಟಿಗ್ಲರ್ ಎಂಬವರು ಇದಕ್ಕೆ ಮೆಟಾಕಾಂಟ್ರಾಸ್ಟ್ ಎಂಬ ಹೆಸರು ಕೊಟ್ಟರು. ಆಗ ರಾಮನ್ ಸರಕಾರಿ ಕೆಲಸದಲ್ಲಿದ್ದ 22ರ ಯುವಕ.

ಅಳಿಸಿಹೋದ ಚಿತ್ರ ಎಲ್ಲಿ ಹೋಯಿತು? ಪೂರ್ತಿ ಹೋಗುವುದಿಲ್ಲ. 2001ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು ಸೆಕೆಂಡಿನ ಮೂವತ್ತನಾಲ್ಕನೇ ಒಂದು ಭಾಗದಷ್ಟು ಹೊತ್ತು ಪದಗಳನ್ನು ತೋರಿಸಿ, ಅವುಗಳ ಮೇಲೆ ಬೇರೆ ಆಕಾರಗಳ ಮರೆ ಹಾಕಿದರು. ನೋಡಿದವರಿಗೆ ಪದ ಕಾಣಲಿಲ್ಲ. ಆದರೆ ಮಿದುಳಿನಲ್ಲಿ ಪದ ಓದುವ ಭಾಗ ಕೊಂಚ ಎಚ್ಚರಗೊಂಡಿತ್ತು. ಅಂದರೆ ಕಣ್ಣು ಕಂಡಿದೆ, ಮಿದುಳಿನ ಒಂದು ಮೂಲೆಗೂ ಗೊತ್ತು, ನಮಗೆ ಮಾತ್ರ ಗೊತ್ತಿಲ್ಲ! ಯಾಕೆ ಹೀಗೆ ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಒಂದೇ ಉತ್ತರ ಇನ್ನೂ ಇಲ್ಲ. ಮಿದುಳಿನ ಮೇಲಿನ ಭಾಗಗಳಿಂದ ಕೆಳಗಿನ ಭಾಗಕ್ಕೆ ಒಂದು ಉತ್ತರ ತಿರುಗಿ ಬರಬೇಕು, ಅದು ಬರುವಷ್ಟರಲ್ಲಿ ಅಲ್ಲಿ ಎರಡನೇ ಚಿತ್ರ ಬಂದು ಕೂತಿರುತ್ತದೆ ಎಂದು ಕೆಲವರು ಹೇಳುತ್ತಾರೆ.

ನೀವೇ ಮಾಡಿ ನೋಡಿ

ಪ್ರಯೋಗ 1: ಎರಡು ಹಳೆಯ ನೋಟು ಪುಸ್ತಕ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಸುಮಾರು 40 ಹಾಳೆಗಳ ಮೂಲೆ ಖಾಲಿ ಬಿಡಿ. ನಡುವಿನ ಒಂದು ಹಾಳೆಯ ಮೂಲೆಯಲ್ಲಿ ಮಾತ್ರ ಕ ಅಂತ ಬರೆಯಿರಿ. ಎರಡನೆಯದರಲ್ಲೂ ಹಾಗೆಯೇ, ಆದರೆ ಉಳಿದ ಎಲ್ಲ ಹಾಳೆಗಳ ಅದೇ ಮೂಲೆಯಲ್ಲಿ ಅಡ್ಡಾದಿಡ್ಡಿ ಗೀಚಿ. ಹೆಬ್ಬೆರಳಿನಿಂದ ಎರಡನ್ನೂ ಒಂದೇ ವೇಗದಲ್ಲಿ ಫರ್ರನೆ ಬಿಡಿ. ಅಕ್ಷರ ಯಾವುದು ಅಂತ ಗೊತ್ತಿಲ್ಲದವರಿಗೆ ತೋರಿಸಿ. ಮೊದಲ ಪುಸ್ತಕದಲ್ಲಿ ಅಕ್ಷರ ಸಿಕ್ಕುತ್ತದೆ. ಎರಡನೆಯದರಲ್ಲಿ ತಪ್ಪಿಹೋಗುತ್ತದೆ. ಅಕ್ಷರ ಕಂಡ ಹೊತ್ತು ಎರಡರಲ್ಲೂ ಒಂದೇ. ವ್ಯತ್ಯಾಸ ಹಿಂದೆ ಮುಂದೆ ಬಂದದ್ದರಲ್ಲಿ.

ಪ್ರಯೋಗ 2: ಕನ್ನಡಿಯ ಎದುರು ನಿಲ್ಲಿ. ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ನಿಮ್ಮ ಕಣ್ಣು ಹೊರಳುವುದು ನಿಮಗೆ ಕಾಣುವುದೇ ಇಲ್ಲ! ಬದಿಯಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಇದರ ಒಂದು ಕಾರಣವೂ ದೃಷ್ಟಿಮರೆಯೇ. ಕಣ್ಣು ಹೊರಳುವಾಗ ಚಿತ್ರ ಕಲಸಿಹೋಗುತ್ತದೆ, ಹೊರಳುವ ಮುಂಚೆ ಮತ್ತು ಹೊರಳಿದ ನಂತರದ ಸ್ಪಷ್ಟ ಚಿತ್ರ ಅದನ್ನು ಮರೆಮಾಡುತ್ತದೆ. 1978ರಲ್ಲಿ ಕ್ಯಾಂಪ್‌ಬೆಲ್ ಮತ್ತು ವುರ್ಟ್ಸ್ ಎಂಬವರು ಕಣ್ಣು ಹೊರಳುವಷ್ಟು ಹೊತ್ತು ಮಾತ್ರ ಕೋಣೆಗೆ ಬೆಳಕು ಬಿಟ್ಟು ನೋಡಿದರು. ಆಗ ಕಲಸಿದ ಚಿತ್ರ ಕಂಡಿತು. ಕಣ್ಣು ನಿಂತ ಮೇಲೂ ಬೆಳಕು ಬಿಟ್ಟರೆ ಅದು ಕಾಣಲಿಲ್ಲ. ನಾವು ಬೆಳಿಗ್ಗೆಯಿಂದ ರಾತ್ರಿವರೆಗೆ ಸಾವಿರಾರು ಸಲ ಕಣ್ಣು ಹೊರಳಿಸುತ್ತೇವೆ. ಮಿದುಳು ಅಷ್ಟೂ ಸಲ ನಮಗೆ ತಿಳಿಯದ ಹಾಗೆ ಒಂದು ಕಣ್ಕಟ್ಟು ಮಾಡುತ್ತಿರುತ್ತದೆ.

ಕಡೆಯ ದಿನಗಳು

ಪ್ರತಿ ವರ್ಷ ಅಕ್ಟೋಬರ್ 2ರಂದು ರಾಮನ್ ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. 1970ರಲ್ಲೂ ಕೊಟ್ಟರು. ಅದೇ ಕಡೆಯದು. ಸ್ವಲ್ಪ ದಿನಕ್ಕೆ ಕಾಯಿಲೆ ಬಿದ್ದರು. ಆಸ್ಪತ್ರೆಯಲ್ಲಿ ಇರಲು ಒಪ್ಪದೆ ತಮ್ಮ ಸಂಸ್ಥೆಗೇ ಬಂದರು. 1970ರ ನವೆಂಬರ್ 21ರ ಬೆಳಿಗ್ಗೆ ಅಲ್ಲೇ ಪ್ರಾಣ ಬಿಟ್ಟರು. ಸಂಸ್ಥೆಯ ತೋಟದಲ್ಲೇ ದಹನ ಆಯಿತು. ಆ ಜಾಗದಲ್ಲಿ ಗೋರಿ ಇಲ್ಲ, ಒಂದು ಮರ ಉಂಟು.

ಗೆಳೆಯರೇ, ರಾಮನ್ ಅವರಿಂದ ನಾನು ಕಲಿತದ್ದು ಎರಡು. ಒಂದು, ಯಾರು ಹೇಳಿದರೂ ಸ್ವಂತ ಕಣ್ಣಿನಿಂದ ನೋಡದೆ ಒಪ್ಪಬಾರದು. ಇದು ಅವರು ಬದುಕಿ ತೋರಿಸಿದ್ದು. ಎರಡು, ಆ ಸ್ವಂತ ಕಣ್ಣನ್ನು ಕೂಡ ಪರೀಕ್ಷೆ ಮಾಡದೆ ನಂಬಬಾರದು. ಇದನ್ನು ಅವರು 70 ದಾಟಿದ ಮೇಲೆ ಶುರು ಮಾಡಿದರು, ಅವರಿಂದ ಮುಗಿಯಲಿಲ್ಲ, ಬೇರೆಯವರು ಮುಂದುವರಿಸಿದರು. ಪೇಟೆಯಲ್ಲೋ ಜಾತ್ರೆಯಲ್ಲೋ ಜಗಳ ಆದಾಗ ನಾನೇ ಕಣ್ಣಾರೆ ಕಂಡಿದ್ದೇನೆ ಅಂತ ಇಬ್ಬರು ಎರಡು ತರಹ ಹೇಳುವುದನ್ನು ಕೇಳಿದ್ದೇವೆ. ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಕ್ಷಣದಲ್ಲಿ ಆಗಿಹೋದದ್ದನ್ನು ಇಬ್ಬರ ಮಿದುಳು ಬೇರೆ ಬೇರೆ ಮಾಡಿ ಜೋಡಿಸಿರಬಹುದು. ಅದಕ್ಕೇ ಮತ್ತೊಮ್ಮೆ ನೋಡುವುದು, ಅಳೆಯುವುದು, ಇನ್ನೊಬ್ಬರನ್ನು ಕೇಳುವುದು.

ಈ ಹಾಳೆಯ ಕೆಳಗೆ ನೂಲು ಕಟ್ಟಿ ಒಂದು ಪುಸ್ತಕ ನೇತು ಹಾಕಿದ್ದೇನೆ. ಎರಡು ಪ್ರಯೋಗ ಮಾಡಿದವರು ನಿಮಗೆ ಎಂತ ಕಂಡಿತು, ಎಂತ ಕಾಣಲಿಲ್ಲ ಎಂದು ಅದರಲ್ಲಿ ಬರೆಯಿರಿ. ನಾನು ಹೇಳಿದ್ದಕ್ಕಿಂತ ಬೇರೆ ಆದರೆ ಖಂಡಿತ ಬರೆಯಿರಿ.



— ಹತ್ತನೇ ತರಗತಿಯ ವಿದ್ಯಾರ್ಥಿ